ಹದಿನೆಂಟು ಕಾಗದಕ್ಕೆ ಒಂದೇ ಪೆನ್ನು

ಭಾನುವಾರ ಮಧ್ಯಾಹ್ನ. ಐವರ್ನಾಡಿನ ಮನೆಯ ಹಿಂದೆ, ಒಗೆಯುವ ಕಲ್ಲಿನ ಮೇಲೆ ಸುರಕ್ಷಾ ತನ್ನ ನೀಲಿ ಯೂನಿಫಾರ್ಮಿನ ಕಾಲರಿಗೆ ಸೋಪು ಹಚ್ಚಿ ತಿಕ್ಕುತ್ತಿದ್ದಳು. ಸುಳ್ಯದ ಕಡೆಯ ದೊಡ್ಡದೊಂದು ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿ ಮೂರು ವರ್ಷ. ಅಲ್ಲಿ ದಿನಕ್ಕೆ ಹತ್ತು ಮಾತು ಅವಳ ಬಾಯಿಂದ ಹೊರಟರೆ ಹೆಚ್ಚು. ಕಣ್ಣು ಮಾತ್ರ ಸುಮ್ಮನೆ ಕೂರುತ್ತಿರಲಿಲ್ಲ. ಬಾವಿಕಟ್ಟೆಯ ಮೇಲಿದ್ದ ಫೋನು ಬಡಿದುಕೊಂಡಿತು. ಒದ್ದೆ ಕೈಯನ್ನು ನೈಟಿಗೆ ಒರೆಸಿ ಎತ್ತಿಕೊಂಡಳು.

"ಹಲೋ... ಯಾರು ಮಾತಾಡುದು?"

...

"ಯಾರು?... ಓ, ಜಯಪ್ರಕಾಶಣ್ಣನಾ! ಸೂಪರ್‌ವೈಸರಿಗೆ ಭಾನುವಾರ ಕೂಡ ನಮ್ಮ ನೆನಪಾ? ಇದು ಯಾರ ನಂಬ್ರ, ನಿಮ್ಮದಲ್ವಲ್ಲ?"

...

"ಯಾವ ಸಮಿತಿಯ ಫೋನು?... ಹಾಂ, 'ಎಲ್ಲರೂ ನಮ್ಮವರು' ಸಮಿತಿ. ಗೊತ್ತುಂಟು, ಗೊತ್ತುಂಟು. ಅದರ ಬೋರ್ಡು ಹೊಡೆಯುವಾಗ ಉದುರಿದ ಗೋಡೆ ಹುಡಿ ಗುಡಿಸಿದ್ದು ನಾನೇ ಅಲ್ವಾ."

...

"ಶನಿವಾರ?... ನಾನಾ? ಸ್ಟೇಜಿನಲ್ಲಾ? ಅಣ್ಣ, ನಿಮಗೆ ಜ್ವರ ಗಿರ ಉಂಟಾ? ಡಾಕ್ಟ್ರು ಎದುರು ಬಂದರೆ ಬಕೆಟಿನ ಹಿಂದೆ ಅಡಗುವವಳು ನಾನು."

...

"ಎರಡೇ ನಿಮಿಷವಾ... ಹಾಂ... ಬೆಂಗಳೂರಿನಿಂದ ನೋಡ್ಲಿಕ್ಕೆ ಬರ್ತಾರೆ. ಎಂತ ನೋಡ್ಲಿಕ್ಕೆ?... ಕೆಲಸದವರೆಲ್ಲ ಒಂದೇ ಮನೆಯವರ ಹಾಗೆ ಇದ್ದಾರಾ ಅಂತ. ಓಹೋ! ಅದಕ್ಕೆ ಸ್ಟೇಜ್ ಯಾಕೆ ಮಾರಾಯ್ರೆ, ಮಧ್ಯಾಹ್ನ ಒಂದೂವರೆಗೆ ಬರ್ಲಿಕ್ಕೆ ಹೇಳಿ. ನಾವು ಜನರೇಟರಿನ ಹತ್ತಿರ ಸಾಲಾಗಿ ಕೂತು ಬುತ್ತಿ ಬಿಚ್ಚುದು ಫೋಟೋದಲ್ಲಿ ಚಂದ ಬರ್ತದೆ."

...

"ಭಾಷಣ ಬರ್ದೇ ಕೊಟ್ಟಿದ್ದಾರಾ? ಓದಿ ನೋಡುವ... 'ಈ ಸಂಸ್ಥೆ ನನಗೆ ಎರಡನೇ ತವರುಮನೆ.' ಅಯ್ಯೋ ದೇವರೇ, ನಾನಿನ್ನೂ ಮೊದಲನೇ ತವರಿನಿಂದಲೇ ಹೊರಟಿಲ್ಲ! ಮುಂದೆ?... 'ನಾವೆಲ್ಲರೂ ಒಂದೇ ಮೇಜಿನಲ್ಲಿ ಊಟ ಮಾಡುತ್ತೇವೆ.' ಯಾವ ಮೇಜು?"

...

"ಅಲ್ಲ, ಯಾವ ಮೇಜು ಅಂತ ಕೇಳಿದ್ದು... ಸ್ಟಾಫ್ ಕ್ಯಾಂಟೀನಿನದ್ದಾ? ಒಮ್ಮೆ ಹೋಗಿದ್ದೆ. ಕೂತದ್ದೇ ತಡ, ಕಾಲೇಜಿನ ಹುಡುಗಿಯೊಬ್ಬಳು ತಿಂದ ತಟ್ಟೆ ನನ್ನ ಕೈಗೆ ಕೊಟ್ಟು 'ಥ್ಯಾಂಕ್ಸ್ ಆಂಟಿ' ಅಂತ ಹೋದಳು. ನನಗಿಂತ ಎರಡು ವರ್ಷಕ್ಕೆ ದೊಡ್ಡವಳೇ ಇದ್ದಾಳು. ನಗ್ಬೇಡಿ."

...

"ನನ್ನನ್ನೇ ಯಾಕೆ ಕರೆಯುದು ಅಂತ ಹೇಳಿ... ಪಾಪದವಳಾ? ಹಾಂ. ಹೇಳಿಕೊಟ್ಟದ್ದು ಬಿಟ್ಟು ಬೇರೆ ಹೇಳುವವಳಲ್ಲ ಅಂತ. ಲಾಂಡ್ರಿಯ ರಿಝ್ವಾನಾಳ ಕೈಗೆ ಮೈಕು ಸಿಕ್ಕಿದರೆ ವಾಪಸ್ ಬರುದಿಲ್ಲ ಅಂತ ಹೆದರಿಕೆ, ಅಲ್ವಾ?"

...

"ನೀವೀಗ ಎಲ್ಲಿ ಕೂತು ಮಾತಾಡುದು?... ಸಮಿತಿಯ ಆಫೀಸಿನಲ್ಲಾ, ಲಿಫ್ಟಿನ ಹಿಂದಿನ ಆ ಕೋಣೆಯಲ್ಲಾ? ಸೋಫಾ ಮೆತ್ತಗೆ ಉಂಟಾ?... ಸುಮ್ಮನೆ ಕೇಳಿದ್ದು. ನಾವು ಹದಿನೆಂಟು ಹೆಂಗಸರು ಸೀರೆ ಬದಲಿಸ್ತಿದ್ದ, ಉಣ್ತಿದ್ದ ಕೋಣೆ ಅಲ್ವಾ, ಅದಕ್ಕೆ. ಎಲ್ಲರನ್ನೂ ಒಳಗೆ ಸೇರಿಸ್ತೇವೆ ಅಂತ ಒಂದು ಸಮಿತಿ ಮಾಡಿದ್ರಿ. ಅದು ಮೊದಲು ಮಾಡಿದ ಕೆಲಸ ನಮ್ಮನ್ನು ಹೊರಗೆ ಹಾಕಿ ಬೀಗ ಜಡಿದದ್ದು!"

...

"ಕೋಣೆ ಬೇಡ ಅಂತ ನಾವೇ ಬರ್ದು ಕೊಟ್ಟದ್ದಾ? ಅಣ್ಣ... ನಮಗೆ ಎಂತೆಲ್ಲ ಸೌಕರ್ಯ ಉಂಟು ಅಂತ ಆಫೀಸಿನಿಂದ ಆ ಪ್ರಶ್ನೆಯ ಕಾಗದಗಳು ಬಂದ ದಿನ ನೀವು ಸ್ಟೋರಿನಲ್ಲಿ ಕೂತು ಹದಿನೆಂಟಕ್ಕೂ ಒಂದೇ ಪೆನ್ನಿನಲ್ಲಿ ಟಿಕ್ ಹಾಕಿದ್ದು ನಾನು ನೋಡಿದ್ದೇನೆ. ಬಾಗಿಲಿನ ಹತ್ತಿರ ನೆಲ ಒರೆಸ್ತಾ ಇದ್ದೆ. ನೆಲ ಒರೆಸುವವರಿಗೆ ಕಣ್ಣಿಲ್ಲ ಅಂತ ನೀವೆಲ್ಲ ತಿಳ್ಕೊಂಡದ್ದು."

...

"ಹೌದು, ಒಂಬತ್ತನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವಳೇ. ಇಂಗ್ಲಿಷ್ ಬರುದಿಲ್ಲ. ಟಿಕ್ ನೋಡ್ಲಿಕ್ಕೆ ಇಂಗ್ಲಿಷ್ ಎಂತಕ್ಕೆ? ಒಂದು ಖಾಲಿ ಕಾಗದ ಉಳಿದದ್ದನ್ನು ರಿಝ್ವಾನಾ ಓದಿ ಹೇಳಿದಳು. ಊಟಕ್ಕೆ ಜಾಗ ಉಂಟಾ? ನೀವು ಟಿಕ್ ಹಾಕಿದ್ದು, ಉಂಟು. ಬಟ್ಟೆ ಬದಲಿಸ್ಲಿಕ್ಕೆ ಬೇರೆ ಕೋಣೆ ಉಂಟಾ? ಅದೂ ಉಂಟು. ಆಫೀಸಿನವರು ನೋಡಿದ್ರು, ಇವರಿಗೆ ಎಲ್ಲ ಉಂಟಲ್ಲ, ಲಿಫ್ಟಿನ ಹಿಂದಿನ ಕೋಣೆ ಸುಮ್ಮನೆ ಬಿದ್ದಿದೆ ಅಂತ ಸಮಿತಿಗೆ ಕೊಟ್ರು. 'ಇಲ್ಲ' ಅಂತ ಹಾಕಿದರೆ ನಿಮ್ಮ ತಲೆಗೆ ಬರ್ತದೆ ಅಂತ ಹೆದರಿದ್ದಲ್ವಾ ನೀವು?"

ತನ್ನ ಸ್ವರ ಇಷ್ಟು ಏರಿದ್ದು ಸುರಕ್ಷಾಳಿಗೇ ಹೊಸತು. ಪಕ್ಕದ ಮನೆಯವರು ಕೇಳಿಯಾರೆಂದು ಒಮ್ಮೆ ಬೇಲಿಯ ಕಡೆ ನೋಡಿದಳು. ಆಮೇಲೆ, ಕೇಳಿದರೆ ಕೇಳಲಿ ಎಂದು ಕಲ್ಲಿನ ಮೇಲೆ ಕೂತೇ ಬಿಟ್ಟಳು.

"ವತ್ಸಮ್ಮ ಚೇಚಿಯ ವಿಷಯ ಗೊತ್ತುಂಟಲ್ಲ?... ಇಲ್ವಾ? ಕಡಬದಿಂದ ಮೊದಲ ಬಸ್ಸಿಗೆ ಬರುವ ಮಲಯಾಳಿ ಅಕ್ಕ, ಐವತ್ತೆಂಟು ವರ್ಷ. ಮೊನ್ನೆ ರೋಗಿಗಳ ಟಾಯ್ಲೆಟಿನಲ್ಲಿ ಸೀರೆ ಬಿಚ್ಚಿ ಯೂನಿಫಾರ್ಮ್ ಹಾಕ್ತಿದ್ರು. ಆ ಬಾಗಿಲಿಗೆ ಚಿಲಕ ಇಲ್ಲ. ಯಾರೋ ಗಂಡಸು ದೂಡಿಕೊಂಡು ಒಳಗೇ ಬಂದ. ಸೋಮವಾರವೂ ಅಲ್ಲೇ ಬಟ್ಟೆ ಬಿಚ್ಚಬೇಕಾದರೆ ಕೆಲಸ ಬಿಡ್ತೇನೆ ಅಂತ ನಿನ್ನೆ ಹೇಳಿದ್ರು. ಇದನ್ನು ಸೇರಿಸಿಕೊಳ್ಳಿ ನಿಮ್ಮ ಭಾಷಣಕ್ಕೆ."

...

"ಹಾಂ... ನನ್ನ ಕಾಂಟ್ರಾಕ್ಟ್ ತಿಂಗಳ ಕೊನೆಗೆ ಮುಗೀತದೆ, ಗೊತ್ತುಂಟು. ಹೆದರಿಸುದಾ?... ಇಲ್ಲ, ಸುಮ್ಮನೆ ನೆನಪು ಮಾಡಿದ್ದು. ಆಯ್ತು, ಒಂದೇ ಮನೆಯವರೊಳಗೆ ಅಷ್ಟೆಲ್ಲ ಇರ್ತದೆ, ಅಲ್ವಾ?"

...

"ಸರಿ. ಬರ್ತೇನೆ. ಸ್ಟೇಜಿಗೇ ಬರ್ತೇನೆ. ಆದರೆ ಮೊದಲು ನೀವು ಸಮಿತಿಯ ಮೇಡಂ ಹತ್ತಿರ ಹೋಗಿ, 'ಕಾಗದ ತುಂಬಿಸಿದ್ದು ನಾನೇ' ಅಂತ ನಿಮ್ಮ ಬಾಯಲ್ಲೇ ಹೇಳಿ... ಯಾಕೆ ಆಗುದಿಲ್ಲ?... ನಿಮ್ಮ ಕೆಲಸ ಹೋಗ್ತದೆ. ಹಾಂ. ನಿಮ್ಮದು ಹೋದರೆ ಕೆಲಸ ಹೋದದ್ದು. ಚೇಚಿಯದ್ದು ಹೋದರೆ ಎಂತದ್ದು ಅದು?"

...

"ಬಿಡಿ. ಹೇಳ್ಬೇಡಿ ಯಾರ ಹತ್ತಿರವೂ... ಕೋಣೆಯ ಕೀ ನಿಮ್ಮ ಕೈಯಲ್ಲೇ ಉಂಟಲ್ಲ?"

...

"ಹಾಗಾದರೆ ಕೇಳಿ. ಚೇಚಿ ನಾಳೆ ಆರೂವರೆಗೆ ಬರ್ತಾರೆ. ಹತ್ತು ನಿಮಿಷ ಸಾಕು ಅಣ್ಣ... ಹಲೋ?... ಆ ಬಾಗಿಲು ತೆಗ್ದು ಕೊಡಿ."

ಆ ಕಡೆಯಿಂದ ಫೋನು ಇಟ್ಟಾಗಿತ್ತು.