ಮೂರು ಹತ್ತರ ಆಟ

ಮಾನ್ಯ ಅಧ್ಯಕ್ಷರೇ, ನನಗಿಂತ ಮೆತ್ತನೆಯ ಕುರ್ಚಿಗಳಲ್ಲಿ ಕುಳಿತಿರುವ ಅತಿಥಿಗಳೇ, ಪಕ್ಕದ ಕೋಣೆಯಿಂದ ಕಾಫಿಯ ಪರಿಮಳ ಬರುತ್ತಿದ್ದರೂ ಎದ್ದು ಹೋಗದ ಸಹನಾಮೂರ್ತಿಗಳಾದ ಸಭಿಕರೇ,

ನಮ್ಮ ಕಚೇರಿಯ ನೆಟ್‌ವರ್ಕ್ ಕಾಯುವವನು ನಾನು. ಯಾವ ಕಂಪ್ಯೂಟರು ಯಾವುದರ ಜೊತೆ, ಯಾವಾಗ, ಎಷ್ಟು ಹೊತ್ತು ಮಾತಾಡಿತು ಎಂಬ ದಾಖಲೆ ನನ್ನ ಬಳಿ ಇರುತ್ತದೆ. ಏನು ಮಾತಾಡಿತು ಎಂಬುದು ಇರುವುದಿಲ್ಲ. ಎದುರುಮನೆಯ ಕಿಟಕಿಯಲ್ಲಿ ಕುಳಿತ ಅಜ್ಜಿಗೆ ತಿಳಿಯುವಷ್ಟೇ ನನಗೂ ತಿಳಿಯುತ್ತದೆ. ಅಂದರೆ, ಬೇಕಾದಷ್ಟು ತಿಳಿಯುತ್ತದೆ.

ಇಂದು ಸನ್ಮಾನ ಪಡೆಯುತ್ತಿರುವ ಸಂಶೋಧಕಿ ಆ ದಾಖಲೆ ಕೇಳಿಕೊಂಡು ಬಂದರು. ದೊಡ್ಡ ಕಡತಗಳು ಸಾಗುವಾಗ ಸಣ್ಣ ಸಂಭಾಷಣೆಗಳು ಹೇಗೆ ನಲುಗುತ್ತವೆ ಎಂಬುದು ಅವರ ವಿಷಯ. ಕೊನೆಗೆ ದಾಖಲೆಯನ್ನು ಲೋಕಕ್ಕೆಲ್ಲ ತೆರೆದಿಡಬೇಕು. ಜನರ ಮಾನ ಕಾಯಬೇಡವೇ? ಯಂತ್ರಗಳ ಗುರುತಿನ ಸಂಖ್ಯೆ ಅಳಿಸಿದೆ, ವೇಳೆ ಅಳಿಸಿದೆ, ಹುರುಪು ಬಂದು ಇನ್ನೂ ಏನೇನೋ ಅಳಿಸಿದೆ. ‘ಗ್ರೂಪ್ ಫೋಟೋ ಕೊಡ್ತೀನಿ ಅಂತ ಬರೀ ಫ್ರೇಮ್ ಕೊಟ್ಟಿದೀರಲ್ಲ ಸಾರ್’ ಎಂದರು.

ಸರಿ, ವೇಳೆಯನ್ನು ಇದ್ದ ಹಾಗೇ ಬಿಟ್ಟು, ಸಂಖ್ಯೆಗಳನ್ನಷ್ಟೇ ಬದಲಿಸಿ ಕೊಟ್ಟೆ. ವಾರದೊಳಗೆ ನಗುತ್ತಾ ಬಂದರು.

‘ದಿನಾ ಮೂರು ಹತ್ತಕ್ಕೆ ಇಲ್ಲಿಂದ ಯಾರೋ ಹೊರಗಿನವರ ಜೊತೆ ಆಟ ಆಡ್ತಾರೆ ಸಾರ್. ಎರಡು ನಿಮಿಷ ಸದ್ದಿಲ್ಲ, ಒಂದು ಚಿಟಿಕೆ ಮಾತು, ಮತ್ತೆ ಸದ್ದಿಲ್ಲ. ಚೆಸ್ಸೇ ಇರ್ಬೇಕು. ಇಲ್ಲಿಯವರು ಅರ್ಧಕ್ಕೇ ಎದ್ದು ಹೋಗ್ತಾರೆ. ಪಾಪ, ಸೋಲ್ತಿರ್ತಾರೆ. ನನ್ನ ಪ್ರಬಂಧ ನಿಂತಿರೋದೇ ಇವರಿಬ್ಬರ ಮೇಲೆ.’

ಅವರು ಯಾರೆಂದು ಹೇಳುವುದು ನನ್ನ ವೃತ್ತಿಧರ್ಮವಲ್ಲ. ಹೇಗೋ ನನಗೆ ತಿಳಿದದ್ದು ಇಷ್ಟು: ಆಡುವವರು ಒಬ್ಬ ಅಳಿಯ ಮತ್ತು ಅವನ ಅತ್ತೆ. ಕಪಾಟನ್ನು ಯಾವ ಗೋಡೆಗೆ ಒರಗಿಸಬೇಕೆಂಬ ವಿಚಾರದಲ್ಲಿ ಮುನಿಸಿಕೊಂಡು, ಹನ್ನೊಂದು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಮಾತನ್ನೆಲ್ಲ ಆಚೆಯಿಂದೀಚೆಗೆ ಹೊತ್ತು, ದಾರಿಯಲ್ಲಿ ಅದರ ಮುಳ್ಳು ಕಿತ್ತು ತಲುಪಿಸುವವಳು ಅವನ ಹೆಂಡತಿ. ದಿನಾ ಮೂರು ಹತ್ತಕ್ಕೆ ತನ್ನ ಅಮ್ಮ ಫೋನು ಹಿಡಿದು ಕೂರುವುದು ಅವಳಿಗೆ ಗೊತ್ತು, ಯಾರ ಜೊತೆ ಎಂಬುದಷ್ಟೇ ಗೊತ್ತಿಲ್ಲ. ಆಟದ ಸುದ್ದಿ ಅವಳ ಕಿವಿಗೆ ಬಿದ್ದರೆ ಅಳಿಯನ ಗತಿಯೇನು? ಆ ಸಾಲುಗಳನ್ನು ಅಳಿಸಿದರೆ ಸಂಶೋಧಕಿಯ ಗತಿಯೇನು?

ಮೂರು ದಿನ ತಲೆ ಕೆರೆದುಕೊಂಡೆ. ಕಡೆಗೆ ದಾಖಲೆಯ ಎಲ್ಲ ಗಡಿಯಾರಗಳನ್ನೂ ಒಂದೇ ಅಳತೆಯಲ್ಲಿ ಸರಿಸಿದೆ. ಎಷ್ಟೆಂದು ಯಾರಿಗೂ ಹೇಳಲಿಲ್ಲ. ಒಂದಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಹಾಗೇ ಉಳಿಯಿತು, ಮೂರು ಹತ್ತು ಮಾತ್ರ ಮಾಯವಾಯಿತು. ಪೂರ್ತಿ ಮುಚ್ಚಿತೇ? ಇಲ್ಲ. ಹಟ ಹಿಡಿದು ಹುಡುಕುವವರಿಗೆ ಸಿಕ್ಕೀತು. ಸುಮ್ಮನೆ ಇಣುಕುವವರಿಗೆ ಸಿಗದು. ಪ್ರಬಂಧವೂ ಉಳಿಯಿತು, ಸಂಸಾರವೂ ಉಳಿಯಿತು.

ಆದರೆ ಪ್ರಬಂಧದ ಒಂದು ತಪ್ಪನ್ನು ತಿದ್ದದೆ ನಾನು ಕೆಳಗಿಳಿಯಲಾರೆ. ಅರ್ಧಕ್ಕೇ ಏಳುವುದು ಸೋಲಿನಿಂದಲ್ಲ. ಮೂರೂವರೆಗೆ ನನಗೆ ಮೀಟಿಂಗ್ ಇರುತ್ತದೆ.

ಹೌದು. ಬಾಯಿಂದ ಬಿದ್ದೇಹೋಯಿತು.

ಮೂರನೇ ಸಾಲಿನಲ್ಲಿ ನನ್ನ ಹೆಂಡತಿ ನಿಧಾನವಾಗಿ ಪಕ್ಕಕ್ಕೆ ತಿರುಗಿ ತನ್ನ ಅಮ್ಮನ ಮುಖ ನೋಡುತ್ತಿದ್ದಾಳೆ. ಅಮ್ಮ ಚಾವಣಿಯ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಾರೆ. ಈಗ ಮಗಳು ನಕ್ಕಳು. ಬದುಕಿಕೊಂಡೆ.

ಸಂಶೋಧಕಿಗೂ ಅಧ್ಯಕ್ಷರಿಗೂ ನಿಮಗೆಲ್ಲರಿಗೂ ಧನ್ಯವಾದ. ಅತ್ತೆಯವರೇ, ಇದನ್ನು ನಿಮ್ಮ ಮಗಳ ಕೈಯಲ್ಲಿ ಹೇಳಿಕಳಿಸುವುದಿಲ್ಲ, ನೇರವಾಗಿ ನಿಮಗೇ ಹೇಳುತ್ತಿದ್ದೇನೆ: ನಮಸ್ಕಾರ.