ಕೆಂಪರಾಜು ಕುಂತ ಬೆಂಚು

…ಅದ್ಕೇ ಯೋಳ್ತಾವ್ನಿ ಮಜೀದಣ್ಣ, ನಾಳೆ ನೀನು ಮಾಲೀಸು ಅಂಗ್ಡಿ ಬಾಗ್ಲಾಕ್ಬುಟ್ಟು ಬರ್ಲೇಬೇಕು. ಕಿರುಗಾವಲು ಸ್ಕೂಲಲ್ಲಿ ನಂಗೆ ಸನ್ಮಾನ. ಯಾಕೆ ನಗ್ತೀಯಾ? ಶಾಲು, ಆರ, ಮೈಸೂರು ಪೇಟ, ಎಲ್ಲಾ ಐತೆ. ವನಜಾ ಟೀಚರು ಕಾರ್ಡಲ್ಲಿ ಏನಂತ ಅಚ್ಚಾಕ್ಸವ್ರೆ ಗೊತ್ತಾ? 'ಟೀವಿ ಕಬಡ್ಡಿಯ ಹುಲಿ ಕೆಂಪರಾಜು' ಅಂತ.

ಸರಿ ಕಣಣ್ಣ, ಉಲಿ ಐದು ವರ್ಷ ಬೋನಲ್ಲೇ ಇತ್ತು, ಒಪ್ಕಂಡೆ. ಟೀಮಿಗೆಲ್ಲಾ ಎಣ್ಣೆ ತಿಕ್ಕಿದೋನು ನೀನು, ನಿನ್ ಮುಂದೆ ಸುಳ್ಳೇಳಾಕಾಯ್ತದಾ. ಆ ಶಿವಪುರದ ಸಿದ್ದೇಶ ರೈಡಿಗೆ ಓಗಾದು, ನಾನು ಬೆಂಚ್ ಮ್ಯಾಲೆ ಕುಂತ್ಕಂಡು ಚಪ್ಪಾಳೆ ತಟ್ಟಾದು. ಪಟ್ನಾಲೂ ಬೆಂಚು, ಪುಣೇಲೂ ಬೆಂಚು. ಅವನ್ಗೆ ವಸಿ ಕೆಮ್ಮು ಬಂದ್ರೂ ಸಾಕು, ನಾನೆದ್ದು ಮೈ ಬಿಸಿ ಮಾಡ್ಕತಿದ್ದೆ. ಕೆಮ್ಮು ನಿಲ್ತಿತ್ತು, ನಾನೂ ಕುಂತ್ಕತಿದ್ದೆ. ನಮ್ಮವ್ವ ಮಾಯಮ್ಮ ಇದ್ದಾಳಲ್ಲ, ಟೀವೀಲಿ ಸಿದ್ದೇಶನ ಇಂದ್ಗಡೆ ನನ್ನ ಅರ್ಧ ಮೊಕ ಕಂಡ್ರೂ ಬೀದಿಗೆಲ್ಲಾ ಬಾಳೆಹಣ್ಣು ಅಂಚ್ಬುಡೋಳು.

ಎಣ್ಣೆ ವಸಿ ಬಿಸಿ ಮಾಡ್ಕ. ಆಂ, ಅಷ್ಟು ಸಾಕು.

ಮೂರು ವರ್ಷದ ಇಂದಿನ ಆ ಸೆಮಿಫೈನಲ್ಲು ನೆಪ್ಪೈತಾ? ಇಲ್ದೇ ಇದ್ದಾದಾ… ಸಿದ್ದೇಶನ ತೋಳು ಕಳಚ್ಕತು. ಇನ್ನು ನಾಕೇ ನಿಮಿಷ ಉಳ್ದಿತ್ತು. ಕೋಚು ಈ ಕಡೆ ತಿರುಗಿ, 'ಕೆಂಪರಾಜು, ಏಳು' ಅಂದ್ರು. ಐದು ವರ್ಷ ಕಾದಿದ್ದ ಮಾತು ಕಣಣ್ಣ ಅದು. ಎದ್ದೆ. ಮೈ ಬಿಸಿ ಮಾಡ್ಕಳಕ್ಕೆ ಒಂದ್ಸಲ ನೆಗೆದೆ… ಕಾಲು ಚಳಕ್ ಅಂತು. ಕುಂತ್ಬುಟ್ಟೆ. ನೀನೇ ಅಲ್ವಾ ಓಡ್ಬಂದು ಬ್ಯಾಂಡೇಜು ಸುತ್ತಿದ್ದು? ನನ್ ಬದ್ಲು ಇನ್ಯಾವನೋ ಆಡಕ್ಕೋದ, ಎರಡು ಪಾಯಿಂಟಲ್ಲಿ ಸೋತೋ.

ನಾಳೆ ಸ್ಟೇಜ್ ಮ್ಯಾಲೆ ನೀನು ಅಷ್ಟು ಯೋಳು ಸಾಕು. 'ಕಾಲು ಉಳುಕ್ದೇ ಇದ್ದಿದ್ರೆ ಕೆಂಪರಾಜು ಗೆಲ್ಸೋನು, ನನ್ ಕೈಯಾರೆ ಬ್ಯಾಂಡೇಜು ಕಟ್ಟಿದ್ದೀನಿ' ಅಂತ. ನಾನೇ ಯೋಳ್ಕಂಡ್ರೆ ಜಂಬ ಅಂತಾರೆ. ಈಗ್ಲೂ ಮೋಡ ಆದ್ರೆ ಸಾಕು, ಎಳೀತದೆ. ತಿಕ್ಕು ತಿಕ್ಕು.

ಅದಲ್ಲಣ್ಣ. ಎಡಗಾಲು ಯಾಕಿಡ್ಕಂಡೆ? ನೋವಿರಾದು ಬಲಗಾಲು.

ಬುಡಣ್ಣ ಅದ್ನ…

ಆವತ್ತು ನೀನು ಕಟ್ಟಿದ್ದು ಎಡಗಾಲ್ಗಾ?

ತಲೆ ಆಡುಸ್ತೀಯಲ್ಲ… ನೀನು ಬೆರಳಿಟ್ರೆ ಉಳುಕು ಎಲ್ಲೈತೆ ಅಂತ ಗೊತ್ತಾಯ್ತದೆ. ಇಲ್ದೇ ಇದ್ರೂ ಗೊತ್ತಾಯ್ತದೆ. ಅಂದ್ರೆ ಆವತ್ತೇ ಗೊತ್ತಾಗಿತ್ತಾ ನಿಂಗೆ? ಗೊತ್ತಿದ್ದೂ ಅಷ್ಟು ಬಿಗಿಯಾಗಿ ಸುತ್ತಿದಾ? ಮೂರು ವರ್ಷ ಯಾರ್ಗೂ ಯೋಳ್ಲಿಲ್ವಾ?

ಎದರ್ಕಂಬುಟ್ಟೆ ಕಣಣ್ಣ. ಅಷ್ಟೇಯ. ಆ ಜನಾನೆಲ್ಲಾ ನೋಡ್ದೆ, ಬೆಂಚೇ ವಾಸಿ ಅನ್ನುಸ್ತು.

ನಾಳೆ ಬಾ. ನೀನೇನೂ ಮಾತಾಡ್ಬ್ಯಾಡ, ಮುಂದ್ಗಡೆ ಬೆಂಚಲ್ಲಿ ಕುಂತ್ಕ. ಇದ್ನ ಯೋಳಕ್ಕಾದ್ರೂ ನಾನೇ ಸ್ಟೇಜ್ ಮ್ಯಾಲೆ ಎದ್ದೋಯ್ತೀನಿ.