ಎಡಕ್ಕೆ ತಲೆ ಮಾಡಿದ ಗುಂಡುಸೂಜಿ

ಮೂವತ್ತೊಂದು ವರ್ಷ ನನಗೆ ಸಂಬಳ ಕೊಟ್ಟು ಇಂದು ಈ ಸಭೆಯ ಅಧ್ಯಕ್ಷತೆಯನ್ನೂ ವಹಿಸಿರುವ ಯಜಮಾನರೇ, ನಾಳೆಯಿಂದ ನನ್ನ ನೇಮಕಾತಿ ಕೆಲಸವನ್ನು ನೋಡಿಕೊಳ್ಳಲಿರುವ ಹೊರಗಿನ ಕಂಪನಿಯ ಅತಿಥಿಗಳೇ, ಎರಕದ ಮನೆಯ, ಲೇತಿನ, ಪ್ಯಾಕಿಂಗಿನ ಗೆಳೆಯರೇ, ಕೊನೆಯ ಸಾಲಿನ ಕೊನೆಯ ಕುರ್ಚಿಯಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿರುವ ತಾಯಿ, ಮತ್ತು ಸಭಿಕರೇ,

ಮೊದಲಿಗೆ ಕ್ಷಮೆ ಕೇಳುತ್ತೇನೆ. ಸಭಾಂಗಣದ ಹಿಂದೆ ನೀರೆತ್ತುವ ಪಂಪು ಓಡುತ್ತಿದೆ, ಹಾಗಾಗಿ ಸ್ವಲ್ಪ ಗಟ್ಟಿಯಾಗಿ ಮಾತನಾಡಬೇಕು. ನಮ್ಮದೇ ಕಾರ್ಖಾನೆಯಲ್ಲಿ ತಯಾರಾದ ಪಂಪು, ಬೈಯುವಂತೆಯೂ ಇಲ್ಲ. ಈಗ ನಾಲ್ಕೂವರೆ. ಇಂದು ನಿವೃತ್ತನಾಗುವ ನನ್ನ ಸಹಿಗೆ ಐದು ಗಂಟೆಯವರೆಗೆ ಬೆಲೆ. ನೀವು ಪ್ರೀತಿಯಿಂದ ಕೊಟ್ಟ ಗಡಿಯಾರವನ್ನು ಎದುರಿಗೇ ಇಟ್ಟುಕೊಂಡಿದ್ದೇನೆ. ಬಲಗೈಯ ಈ ಕಟ್ಟು ನೋಡಿ ಗಾಬರಿಯಾಗಬೇಡಿ, ಬಚ್ಚಲಲ್ಲಿ ಜಾರಿದ್ದು. ನನ್ನ ಹೆಂಡತಿ ಇದ್ದಿದ್ದರೆ "ಊರೋರ್ನೆಲ್ಲ ಅಳೆಯೋ ಕಣ್ಣಿಗೆ ಕಾಲಡಿ ಸೋಪು ಕಾಣಲ್ವೇನ್ರೀ" ಅನ್ನುತ್ತಿದ್ದಳು. ಅವಳು ಹೋಗಿ ಮೂರು ವರ್ಷವಾಯಿತು.

ನನಗೆ ಕೊಟ್ಟ ವಿಷಯ, ನೇಮಕಾತಿಯಲ್ಲಿ ಇಂದಿನ ಸವಾಲುಗಳು. ಕೆಲಸ ಕೊಡುವವರು ಏನು ಹೇಳುತ್ತಾರೆ? ಜನ ಸಿಗುವುದಿಲ್ಲ. ಕೆಲಸ ಹುಡುಕುವವರು ಏನು ಹೇಳುತ್ತಾರೆ? ಕೆಲಸ ಸಿಗುವುದಿಲ್ಲ. ಇಬ್ಬರೂ ಒಂದೇ ಮೇಜಿನ ಎರಡು ಕಡೆ ಕುಳಿತು ಇದನ್ನೇ ಹೇಳುತ್ತಿದ್ದರೆ, ತಪ್ಪು ಯಾರದು? ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಸ್ಕ್ವೇರ್ ಪೆಗ್, ರೌಂಡ್ ಹೋಲ್ ಎಂದು, ತೂತಿಗೆ ಹೊಂದದ ಗೂಟದ ಬಗ್ಗೆ ಏನೋ ಹೇಳುತ್ತಿದ್ದರು. ಪೆಗ್ಗು ಸ್ಕ್ವೇರೋ, ಹೋಲು ಸ್ಕ್ವೇರೋ, ನನಗೆ ಈಗ ನೆನಪಿಲ್ಲ. ಮೇಜಿನ ಹಿಂದೆ ಕುಳಿತವನಿಗೇ ಅದು ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎನ್ನುವುದನ್ನು ಮಾತ್ರ ಹೇಳಬಲ್ಲೆ.

ಯಜಮಾನರು ಈಗಷ್ಟೇ ನನ್ನನ್ನು ಹೊಗಳಿದರು. ಮುಖ ನೋಡಿದರೆ ಸಾಕು, ಮನುಷ್ಯನ ಯೋಗ್ಯತೆ ಹೇಳಿಬಿಡುತ್ತಾರೆ ಎಂದರು. ನೀವು ಚಪ್ಪಾಳೆ ತಟ್ಟಿದಿರಿ. ಆ ಚಪ್ಪಾಳೆಯನ್ನು ವಾಪಸ್ಸು ತೆಗೆದುಕೊಳ್ಳಿ. ಅದು ನನ್ನದಲ್ಲ.

ಹಳಬರಿಗೆ ನೆನಪಿರಬಹುದು, ಗೇಟಿನ ಪಕ್ಕದ ಕಿಟಕಿಯಲ್ಲಿ ಅರ್ಜಿ ತೆಗೆದುಕೊಳ್ಳುತ್ತಿದ್ದವಳು ನನ್ನ ಹೆಂಡತಿ. ಬಂದವರನ್ನು ಬೆಂಚಿನ ಮೇಲೆ ಕೂರಿಸಿ, ನೀರು ಕೊಟ್ಟು, ಮನೆ, ಮಕ್ಕಳು, ಹಿಂದಿನ ಕೆಲಸ ಎಲ್ಲ ಮಾತನಾಡಿಸುತ್ತಿದ್ದಳು. ಆಮೇಲೆ ಅರ್ಜಿಗೆ ಫೋಟೋ ಸೇರಿಸಿ ಗುಂಡುಸೂಜಿ ಚುಚ್ಚಿ ಒಳಗೆ ಕಳಿಸುತ್ತಿದ್ದಳು. ಸೂಜಿಯ ತಲೆ ಬಲಕ್ಕಿದ್ದರೆ ತೆಗೆದುಕೊಳ್ಳಬಹುದು, ಎಡಕ್ಕಿದ್ದರೆ ಬೇಡ. ನಾನು ಕನ್ನಡಕ ಏರಿಸಿ, ಗಂಭೀರವಾಗಿ ನಾಲ್ಕು ಪ್ರಶ್ನೆ ಕೇಳಿ, ಸೂಜಿ ಹೇಳಿದ ಹಾಗೆ ಬರೆಯುತ್ತಿದ್ದೆ. ಇಪ್ಪತ್ತೆಂಟು ವರ್ಷ. ಈ ಸಭೆಯ ಅರ್ಧ ಜನ ಆ ಸೂಜಿಯ ದಾರಿಯಲ್ಲೇ ಒಳಗೆ ಬಂದವರು. ಹೆದರಬೇಡಿ, ನಿಮ್ಮೆಲ್ಲರ ತಲೆ ಬಲಕ್ಕೇ ಇತ್ತು.

ಒಂದು ಸಲ ಕೇಳಿದ್ದೆ, ಇದೇನು ಬಲ ಎಡದ ಲೆಕ್ಕ ಎಂದು. ಅವಳು ನಕ್ಕು "ಬಲಾನೂ ಇಲ್ಲ ಎಡಾನೂ ಇಲ್ಲ ರೀ. ಒಳ್ಳೆಯವ್ರಿಗೆ ಕೈ ಹೋದ ಕಡೆ ಸಲೀಸಾಗಿ ಚುಚ್ತೀನಿ. ಅನುಮಾನ ಇದ್ರೆ ಕಾಗದ ತಿರುಗಿಸಿ ಚುಚ್ತೀನಿ" ಎಂದಳು. ನಾನು ಬಲ, ಎಡ ಎರಡನ್ನು ನೆನಪಿಟ್ಟುಕೊಂಡೆ. ಉಳಿದದ್ದನ್ನು ಗಾಳಿಗೆ ಬಿಟ್ಟೆ. ಗಂಡಂದಿರು ಕೇಳುವುದೇ ಹಾಗಲ್ಲವೇ?

ಆಮೇಲೆ ಅವಳಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಏಳಲಿಲ್ಲ, ಮಾತು ತೊದಲಿತು. ಮನೆಯಲ್ಲಿ ಕೂತರೆ ಇನ್ನೂ ಕುಗ್ಗುತ್ತಾಳೆ ಎಂದು ಯಜಮಾನರೇ ಕಿಟಕಿಗೆ ಬರಲು ಬಿಟ್ಟರು. ಆ ಉಪಕಾರವನ್ನು ಮರೆಯಲಾರೆ. ಏಳು ವಾರ ಬಂದಳು. ಎಡಗೈಯಲ್ಲೇ ಹದಿನಾಲ್ಕು ಅರ್ಜಿಗಳಿಗೆ ಸೂಜಿ ಚುಚ್ಚಿದಳು. ಒಂದು ದಿನ ಒಬ್ಬ ಹೆಂಗಸಿನ ಅರ್ಜಿ ಹಿಡಿದು ನನ್ನ ಮೇಜಿನವರೆಗೂ ಗೋಡೆ ಹಿಡಿದುಕೊಂಡು ನಡೆದು ಬಂದು "ಇವ್ಳು... ಇವ್ಳು..." ಎಂದಳು. ಮುಂದಿನ ಮಾತು ಹೊರಡಲಿಲ್ಲ. ಸೂಜಿಯ ತಲೆ ಎಡಕ್ಕಿತ್ತು. ದೂರು ಹೇಳಲು ಬಂದಿದ್ದಾಳೆ ಎಂದುಕೊಂಡೆ. "ಆಯ್ತು ಬಿಡೇ, ಬೇಡ ಅಂತ ಬರೀತೀನಿ. ನೀನು ಕೂತ್ಕೋ" ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಬಹಳ ಹೊತ್ತು ನೋಡುತ್ತಿದ್ದಳು. ನಾನು ರಿಗ್ರೆಟ್ ಲೆಟರ್ ಬರೆಯುತ್ತಿದ್ದೆ.

ಕ್ಷಮಿಸಿ, ನೀರು ಕುಡಿಯುತ್ತೇನೆ.

ಆ ಹದಿನಾಲ್ಕರಲ್ಲಿ ತಲೆ ಬಲಕ್ಕಿದ್ದ ಆರು ಜನರನ್ನು ತೆಗೆದುಕೊಂಡೆ. ವರ್ಷದೊಳಗೆ ಐವರು ಹೋದರು. ಅವರಲ್ಲೊಬ್ಬ ಪಂಪು ಪರೀಕ್ಷೆ ಮಾಡದೆಯೇ ಪಾಸು ಚೀಟಿ ಅಂಟಿಸುತ್ತಿದ್ದ. "ಏನ್ರೀ, ಸೋರೋ ಪಂಪಿಗೆ ಸೋರೋ ಮನುಷ್ಯನ್ನೇ ಹುಡುಕ್ಕೊಂಡು ಬಂದ್ರಲ್ಲ" ಎಂದು ಯಜಮಾನರು ಕೇಳಿದ್ದು ನಿಮಗೂ ಗೊತ್ತು. ನಾನೇನು ಹೇಳಿದೆ? ಈಗಿನ ಕಾಲದಲ್ಲಿ ಒಳ್ಳೆಯ ಜನ ಸಿಗುವುದಿಲ್ಲ ಸರ್ ಎಂದೆ.

ಹತ್ತು ದಿನದ ಹಿಂದೆ ಕೈ ಉಳುಕಿತು. ನನ್ನ ನಿವೃತ್ತಿಯ ಕಾಗದಗಳಿಗೆ ಎಡಗೈಯಲ್ಲಿ ಸೂಜಿ ಚುಚ್ಚಿದೆ. ತಲೆ ಎಡಕ್ಕೆ ಬಂತು. ಇನ್ನೊಂದಕ್ಕೆ ಚುಚ್ಚಿದೆ, ಅದೂ ಎಡಕ್ಕೆ. ಬಲಕ್ಕೆ ಬರಬೇಕಾದರೆ ಕಾಗದ ತಿರುಗಿಸಬೇಕು. ಸಭಿಕರೇ, ಅವಳ ಮಾತು ಆಗ ಪೂರ್ತಿ ನೆನಪಾಯಿತು, ಒಳ್ಳೆಯವರಿಗೆ ಕೈ ಹೋದ ಕಡೆ. ಎಡಗೈಗೆ ಸಲೀಸು ಎಡವೇ. ಅವಳು ಬೇಕು ಎಂದ ಎಂಟು ಜನರನ್ನು ನಾನು ಮನೆಗೆ ಕಳಿಸಿದ್ದೆ. ಕಾಗದ ತಿರುಗಿಸಿ ಚುಚ್ಚಿ ಬೇಡ ಎಂದ ಆರು ಜನರನ್ನು ಒಳಗೆ ಕರೆದಿದ್ದೆ.

ಬೀರು ತೆಗೆದು ಎಂಟೂ ಅರ್ಜಿ ಹುಡುಕಿದೆ. ಏಳು ಜನ ಊರು ಬಿಟ್ಟಿದ್ದಾರೆ, ಇಲ್ಲವೇ ಬೇರೆ ಕಡೆ ಸೇರಿದ್ದಾರೆ. ಎಂಟನೆಯವರು ಈ ಕೊನೆಯ ಸಾಲಿನ ತಾಯಿ. ಪಂಪು ರಿಪೇರಿಯ ಅಂಗಡಿಯೊಂದರಲ್ಲಿ ಒಂಬತ್ತು ವರ್ಷ ದುಡಿದವರು, ಅಂಗಡಿ ಮುಚ್ಚಿದ ಮೇಲೆ ಬಂದವರು. ನನ್ನ ಹೆಂಡತಿ ಗೋಡೆ ಹಿಡಿದು ನಡೆದು ಬಂದದ್ದು ಇವರ ಅರ್ಜಿ ಹಿಡಿದುಕೊಂಡು. ಆಮೇಲೆ ಆರು ಸಲ ಅರ್ಜಿ ಹಾಕಿದ್ದಾರೆ. ಆರು ಸಲವೂ ನಾನು ಪ್ರಶ್ನೆಯನ್ನೇ ಕೇಳಲಿಲ್ಲ, "ಹಿಂದೆ ತಿರಸ್ಕೃತ" ಎಂದು ಮೊಹರು ಹೊಡೆದೆ. ಕೊನೆಯ ಅರ್ಜಿಯ ಕೆಳಗೆ ಒಂದು ಸಾಲು ಬರೆದಿದ್ದಾರೆ: "ಈ ಸಲವಾದರೂ ಕಾರಣ ತಿಳಿಸಿ." ಕಾರಣ ಇದೇ ತಾಯಿ. ಕಾರಣ ನಾನು. ಅದನ್ನು ಹೇಳುತ್ತೇನೆಂದೇ ನಿಮ್ಮನ್ನು ಇಂದು ಬರಹೇಳಿದ್ದು.

ಪಂಪು ಪರೀಕ್ಷೆಯ ಜಾಗ ಇವತ್ತಿಗೂ ಖಾಲಿಯಿದೆ. ನಾಳೆಯಿಂದ ಅರ್ಜಿ ನೋಡುವುದು ಅತಿಥಿಗಳ ಕಂಪ್ಯೂಟರು. ಅವರ ಮೊದಲ ನಿಯಮವನ್ನು ನಾನೇ ಓದಿದ್ದೇನೆ, ಹಿಂದೆ ತಿರಸ್ಕೃತರಾದವರ ಅರ್ಜಿ ತೆರೆಯುವುದೇ ಇಲ್ಲ. ಕಂಪ್ಯೂಟರನ್ನು ಏಕೆ ಬೈಯಲಿ? ಅದು ನನ್ನ ಮೊಹರನ್ನು ನಂಬುತ್ತದೆ. ನಾನು ಸೂಜಿಯನ್ನು ನಂಬಿದ ಹಾಗೆ.

ಇದು ಈ ತಾಯಿಯ ನೇಮಕದ ಆದೇಶ. ಇದಕ್ಕೆ ಎರಡು ಸಹಿ ಬೇಕು. ನನ್ನದನ್ನು ಎಡಗೈಯಲ್ಲೇ ಹಾಕುತ್ತಿದ್ದೇನೆ. ನೋಡಿ, ಇರುವೆ ಮಸಿಯಲ್ಲಿ ಬಿದ್ದು ಎದ್ದು ಹೋದ ಹಾಗಿದೆ. ಆದರೂ ನನ್ನದೇ, ಈ ಸಭೆಯೇ ಸಾಕ್ಷಿ. ಇನ್ನೊಂದು ಸಹಿ ಯಜಮಾನರದು. ಈಗ ಐದಕ್ಕೆ ಒಂಬತ್ತು ನಿಮಿಷ.

ಯಜಮಾನರು ಮೈಕಿಲ್ಲದೆ ಕೇಳಿದರು, ಹಿಂದಿನವರಿಗೆ ಕೇಳಿಸಿರಲಿಕ್ಕಿಲ್ಲ. "ಕರುಣೆಗೆ ಕೆಲಸ ಕೊಡೋಕಾಗುತ್ತೇನ್ರೀ? ಆಕೆಗೆ ಪಂಪು ಗೊತ್ತಾ?" ಎಂದರು. ನ್ಯಾಯವಾದ ಪ್ರಶ್ನೆ. ಮೂರು ವರ್ಷದಿಂದ ಯಾರೂ ಕೇಳದ ಪ್ರಶ್ನೆ. ನನ್ನನ್ನು ಕೇಳಬೇಡಿ ಯಜಮಾನರೇ, ನನ್ನನ್ನು ಕೇಳಿಯೇ ಕೆಟ್ಟಿರಿ. ಅವರನ್ನೇ ಕೇಳಿ. ತಾಯಿ, ಎದ್ದು ನಿಲ್ಲಿ. ಚೀಲ ಕುರ್ಚಿಯ ಮೇಲಿರಲಿ, ಯಾರೂ ಕೂರುವುದಿಲ್ಲ.

ಏನು? ಇನ್ನೊಂದು ಸಲ ಹೇಳಿ. ನಾನೇ ಮೈಕಿನಲ್ಲಿ ಹೇಳುತ್ತೇನೆ. "ಹಿಂದೆ ಓಡ್ತಿದೆಯಲ್ಲ ಸರ್, ನಿಮ್ಮ ಪಂಪು, ಅದ್ರ ಬೇರಿಂಗ್ ಸವೆದಿದೆ. ಬಂದು ಕೂತಾಗಿಂದ ಕೇಳ್ತಾ ಇದೀನಿ. ತಿಂಗಳೊಪ್ಪತ್ತಲ್ಲಿ ನಿಂತ್ಹೋಗುತ್ತೆ."

ಎರಕದ ಮನೆಯ ಮೇಸ್ತ್ರಿಗಳು ಹಿಂದಿನ ಬಾಗಿಲಿನಿಂದ ಹೊರಗೆ ಹೋದರು. ಕಾಯೋಣ. ನನಗೆ ಹೇಗೂ ಮಾತು ಬೇಗ ಮುಗಿಸುವ ಅಭ್ಯಾಸವಿಲ್ಲ. ಈಗ ಐದಕ್ಕೆ ಐದು ನಿಮಿಷ. ಪಂಪು ನಿಲ್ಲಿಸಿದರು. ಎಷ್ಟು ನಿಶ್ಶಬ್ದ, ಅಲ್ಲವೇ? ಇಷ್ಟು ಸದ್ದಿನಲ್ಲೇ ನಾವೆಲ್ಲ ಕೂತಿದ್ದೆವು.

ಮೇಸ್ತ್ರಿಗಳು ಬಾಗಿಲಲ್ಲೇ ನಿಂತು ತಲೆ ಆಡಿಸುತ್ತಿದ್ದಾರೆ. ಹೌದಂತೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಶಾಫ್ಟು ಹಲ್ಲಿನ ಹಾಗೆ ಅಲ್ಲಾಡುತ್ತದಂತೆ.

ಯಜಮಾನರು ಸಹಿ ಮಾಡಿದರು. ಐದಕ್ಕೆ ಮೂರು ನಿಮಿಷ.

ಅರ್ಜಿಗೂ ಆದೇಶಕ್ಕೂ ಸೇರಿಸಿ ಈ ಗುಂಡುಸೂಜಿ ಚುಚ್ಚುತ್ತಿದ್ದೇನೆ. ಕೈ ಹೋದ ಕಡೆಗೆ. ಬನ್ನಿ ತಾಯಿ, ತೆಗೆದುಕೊಳ್ಳಿ. ಕಿಟಕಿಯಲ್ಲಿ ಕುಳಿತಿದ್ದವಳು ಮೂರು ವರ್ಷದ ಹಿಂದೆಯೇ ಇದನ್ನು ನಿಮಗೆ ಕೊಟ್ಟಿದ್ದಳು. ತಲುಪಿಸುವವನು ತಡಮಾಡಿದ.

ತಾಳ್ಮೆಯಿಂದ ಕೇಳಿದ ನಿಮಗೆ, ಪೆನ್ನು ತೆಗೆದ ಯಜಮಾನರಿಗೆ, ಏಳು ಸಲ ತಿರಸ್ಕೃತರಾಗಿಯೂ ಇಂದು ಬಂದ ಈ ತಾಯಿಗೆ ಧನ್ಯವಾದ. ಇಲ್ಲಿ ಇಲ್ಲದವಳಿಗೂ ಸೇರಿಸಿ, ನನ್ನ ನಮಸ್ಕಾರ.